ಮಡಿಲಿಗೆ ಬಿದ್ದ ಹೊಲಿಗೆ

ಸುಗ್ಗಿ ಮುಗಿದು ಬಿಸಿಲು ಬಲಿಯುತ್ತಿದ್ದ ಕಾಲ. ಬೆಳಿಗ್ಗೆಯೇ ಹಾಲು ಕರೆದು, ಕೊಟ್ಟಿಗೆ ಗುಡಿಸಿ ಮನೆಯವರೆಲ್ಲ ವ್ಯಾನು ಹತ್ತಿದ್ದರು. ಹಿಂದಿನ ಸೀಟಿನಲ್ಲಿ ಸೊಸೆ ತೊಡೆಯ ಮೇಲೆ ಪುಟ್ಟ ಕೌದಿ ಹರಡಿಕೊಂಡು ಹೊಲಿಯುತ್ತಿದ್ದಳು. ಗಂಡನ ಹಳೆ ಅಂಗಿ, ಹಿರಿಮಗಳ ಫ್ರಾಕು, ಅತ್ತೆಯ ದಿಂಬಿನ ಚೀಲ, ಎಲ್ಲದರ ತುಂಡೂ ಅದರಲ್ಲಿತ್ತು. ಅಂಚಿನಿಂದ ಹೊರಟ ಹೊಲಿಗೆ ಸುತ್ತಿ ಸುತ್ತಿ ನಡುವಿಗೆ ಬರಬೇಕು. ಈಗ ಅಂಗೈಯಗಲದ ಜಾಗವಷ್ಟೇ ಉಳಿದಿತ್ತು.

ಅದೂ ತುಂಬಿದರೆ, ಪಕ್ಕದಲ್ಲಿ ನಿದ್ದೆಹೋಗಿದ್ದ ಅವಳ ಎಳೆಗೂಸು ಆ ಕೌದಿಯಲ್ಲಿ ಗಂಡನ ಅಕ್ಕನ ಪಾಲಾಗುತ್ತದೆ. ಗಂಡ ಮರದಿಂದ ಬಿದ್ದು ನಡು ಮುರಿದುಕೊಂಡು ಮಲಗಿದ್ದಾಗ ಹೊಲ ಉತ್ತವಳು, ಅವನ ಮೈ ಒರೆಸಿದವಳು ಮಕ್ಕಳಿಲ್ಲದ ಆ ಅಕ್ಕ. ಎದ್ದು ಕೂತ ದಿನ ಅವನು, “ಏನು ಬೇಕೋ ಕೇಳಕ್ಕ” ಅಂದಿದ್ದ. ಅವಳು ಕೂಸನ್ನೇ ಕೇಳಿಬಿಟ್ಟಳು. “ಒಂದು ಕೌದಿ ಹೊಲಿದು ಕಳಿಸ್ತೀನಿ, ಅಲ್ಲೀತನಕ ಇರಲಿ” ಎಂದು ಸೊಸೆ ದಿನ ತಳ್ಳಿದ್ದಳು. ಈಗ ವ್ಯಾನು ಆ ಅಕ್ಕನ ಊರಿಗೇ ಹೊರಟಿತ್ತು.

“ಏನೇ, ಬೆಳಿಗ್ಗೆಯಿಂದ ಅದೇ ಸಾಲು!” ಎಂದಳು ಅತ್ತೆ.

“ವ್ಯಾನು ಕುಲುಕುತ್ತೆ ಅತ್ತೆ.”

“ಕುಲುಕೋದು ವ್ಯಾನೋ, ನಿನ್ನ ಕೈಯೋ?”

ಅತ್ತೆ ದಾರದ ತುದಿ ಹಿಡಿದು ಮೆಲ್ಲಗೆ ಎಳೆದಳು. ಗಂಟು ಹಾಕಿರಲಿಲ್ಲ, ಸಾಲಿಗೆ ಸಾಲೇ ಬಿಚ್ಚಿ ಬಂತು. ವ್ಯಾನು ಓಡಿಸುತ್ತಿದ್ದ ಗಂಡ ಕನ್ನಡಿಯಲ್ಲಿ ನೋಡಿ, ನೋಡದವನಂತೆ ರಸ್ತೆಗೆ ತಿರುಗಿದ. ಅತ್ತೆ ಸೊಂಟದ ಚೀಲದಿಂದ ಕತ್ತರಿ ತೆಗೆದು ಆ ದಾರ ಕತ್ತರಿಸಿದಳು. ಹೊಸದು ಪೋಣಿಸಿ, ಗಂಟು ಬಿಗಿದು, ಸೂಜಿ ಸೊಸೆಯ ಕೈಗಿಟ್ಟಳು.

“ಋಣ ಇಟ್ಕೊಂಡು ಬದುಕೋಕಾಗುತ್ತಾ? ಹೊಲಿ.”

“ಅಮ್ಮಾ, ಪಾಪು ನಮ್ ಜೊತೆ ವಾಪಸ್ ಬರುತ್ತಲ್ವಾ?” ಎಂದಳು ಹಿರಿಮಗಳು.

ಸೊಸೆ ತಲೆ ಎತ್ತದೆ ಹೊಲಿದಳು. ಸೂಜಿ ಆಳಕ್ಕಿಳಿದು ಏಳುತ್ತಿತ್ತು. ಅಂಗೈಯಗಲ ಬೆರಳಗಲವಾಯಿತು, ಆಮೇಲೆ ಅದೂ ಮುಚ್ಚಿತು. ತೊಡೆಯ ಮೇಲಿದ್ದ ಕೌದಿಯಲ್ಲೇ ಕೂಸನ್ನು ಸುತ್ತಿಕೊಂಡು ಅಲುಗದೆ ಕೂತಳು.

ಅಕ್ಕ ಗೇಟಿನ ಬಳಿಯೇ ಕಾದಿದ್ದಳು. ತೊಳೆದ ತೊಟ್ಟಿಲು ಅಂಗಳದ ಬಿಸಿಲಿಗೆ ಒಣಗುತ್ತಿತ್ತು. “ಬಾರೋ ನನ್ ಬಂಗಾರ” ಎನ್ನುತ್ತ ಅವಳು ವ್ಯಾನಿನೊಳಗೆ ಬಾಗಿ ಕೌದಿ ಸಮೇತ ಕೂಸನ್ನು ಎತ್ತಿದಳು. ಸೀಟಿನಲ್ಲಿ ಕೂತಿದ್ದ ಸೊಸೆಯನ್ನೂ ಕೌದಿ ಮುಂದಕ್ಕೆ ಜಗ್ಗಿತು. ಕೌದಿಯ ನಡು ಅವಳು ಉಟ್ಟ ಬಟ್ಟೆಗೆ ಸೇರಿ ಹೊಲಿದುಹೋಗಿತ್ತು.

“ಮಡಿಲಲ್ಲಿಟ್ಟು ಹೊಲಿಯೋರಿಗೆಲ್ಲ ಇದು ಆಗೋದೇ.” ಅಕ್ಕನ ನಗು ಅರ್ಧಕ್ಕೇ ನಿಂತಿತು. “ಅಮ್ಮಾ, ಕತ್ತರಿ ಕೊಡು.”

ಅತ್ತೆ ಸೊಂಟದ ಚೀಲದ ಮೇಲೆ ಕೈಯಿಟ್ಟಳು. ಸೊಸೆಯ ಮುಖ ನೋಡಿದಳು.

“ತಂದಿಲ್ಲ ಕಣೇ.”

“ಅದಕ್ಕೇನು, ನಮ್ಮನೇಲಿಲ್ವಾ?” ಅಕ್ಕ ಕೂಸನ್ನು ಮತ್ತೆ ಮಡಿಲಿಗಿಟ್ಟು ಒಳಗೆ ಹೋದಳು.

ಗಂಡ ವ್ಯಾನಿನ ಕೀಲಿಯ ಮೇಲೆ ಕೈಯಿಟ್ಟು ಕೂತಿದ್ದ. ತಿರುಗಿಸಲೂ ಇಲ್ಲ, ತೆಗೆಯಲೂ ಇಲ್ಲ. ಒಳಗೆ ಡ್ರಾಯರುಗಳನ್ನು ಒಂದೊಂದೇ ಎಳೆದು ಮುಚ್ಚುವ ಸದ್ದು ಕೇಳುತ್ತಿತ್ತು. ಆಮೇಲೆ ಸದ್ದು ನಿಂತಿತು.