ಆಚೆ ದಡದ ದೋಣಿ

"ಅಕ್ಕಾ, ಒಳಗೆ ಹತ್ತಿ ಕೂತ್ಕೊಳ್ಲಾ?" ವಸ್ತುಸಂಗ್ರಹಾಲಯಕ್ಕೆ ಬಂದ ಶಾಲೆಯ ಮಕ್ಕಳೆಲ್ಲ ಕೇಳುವುದು ಇದನ್ನೇ. "ಹತ್ತಿದ್ರೆ ನೀವೇ ಹುಟ್ಟು ಹಾಕ್ಬೇಕು, ನೋಡಿ!" ಎಂದು ನಗಿಸಿ, ಅಲ್ಲಿ ಮಾರ್ಗದರ್ಶಿಯಾಗಿದ್ದ ಅವಳು ಹಳೆಯ ದೋಣಿಯ ಕಥೆ ಶುರುಮಾಡುತ್ತಿದ್ದಳು. ಪ್ರವಾಹದಲ್ಲಿ ಊರು ಮುಳುಗಿದಾಗ ನದಿಯಾಚೆಯ ದೇಶದ ಬೆಸ್ತರು ಈ ದೋಣಿ ತಂದು ನಮ್ಮವರನ್ನು ಉಳಿಸಿದರು. ಹಾಗೆ ಬದುಕುಳಿದವರಲ್ಲಿ ಅವಳ ಅಮ್ಮನೂ ಒಬ್ಬಳು.

ಚಿಕ್ಕಂದಿನಲ್ಲಿ ಅಮ್ಮನ ಮಗ್ಗುಲಲ್ಲಿ ಮಲಗಿ ಆ ಕಥೆ ಕೇಳುತ್ತಿದ್ದ ದಿನಗಳು ಎಷ್ಟು ಚೆನ್ನಾಗಿದ್ದವು! ದೋಣಿ ನಡೆಸಿದ ಅಂಬಿಗನ ಅರ್ಥವಾಗದ ಭಾಷೆಯನ್ನು ಅಮ್ಮ ಅಣಕಿಸಿ ತೋರಿಸುತ್ತಿದ್ದಳು. ಆಗ ಮಗುವಾಗಿದ್ದ ಅಮ್ಮ ನೀರಿಗೆ ಬೀಳದಿರಲೆಂದು ಅವನು ಅವಳನ್ನು ತನ್ನ ಸೊಂಟಕ್ಕೆ ಹಗ್ಗದಿಂದ ಕಟ್ಟಿಕೊಂಡಿದ್ದನಂತೆ.

ಈಗ ಅದೇ ದೇಶದೊಂದಿಗೆ ಯುದ್ಧ. ರಾಜಧಾನಿಯಿಂದ ಹೊಸ ಫಲಕ ಬಂತು: 'ನಮ್ಮ ಸೈನಿಕರು ಜನರನ್ನು ರಕ್ಷಿಸಿದ ದೋಣಿ.'

"ಸರ್, ಇದು ಸುಳ್ಳು ಅಂತ ನಿಮಗೂ ಗೊತ್ತಲ್ವಾ?" ಎಂದು ಮೇಲ್ವಿಚಾರಕರನ್ನು ಕೇಳಿದಳು.

"ಗೊತ್ತಮ್ಮ. ಆದ್ರೆ ನನ್ನ ಮಗ ಗಡಿಯಲ್ಲಿದಾನೆ. ಅವನ ಮೇಲೆ ಗುಂಡು ಹಾರಿಸೋರನ್ನ ಹೊಗಳೋದು ನನ್ನ ಕಿವಿಗೆ ಬೀಳೋದು ಬೇಡ. ಯುದ್ಧ ಮುಗೀಲಿ, ಹಳೇದನ್ನೇ ಹಾಕೋಣ. ಈಗ ನೀನು ಫಲಕದಲ್ಲಿರೋ ಹಾಗೆ ಹೇಳ್ದೆ ಇದ್ರೆ ನಿನ್ನ ಕೆಲಸ ಉಳಿಯಲ್ಲ."

ಅವಳು ಫಲಕದಲ್ಲಿದ್ದದ್ದನ್ನೇ ಮಕ್ಕಳಿಗೆ ಹೇಳತೊಡಗಿದಳು. ಮೊದಮೊದಲು ನಾಲಿಗೆ ತಡವರಿಸಿತು. ಬರಬರುತ್ತಾ ಸುಳ್ಳು ಹೇಳುವುದು ನೀರು ಕುಡಿದಷ್ಟು ಸಲೀಸಾಯಿತು. ಸರ್ಕಾರಕ್ಕೆ ಬೇಕಾಗಿದ್ದೂ ಅಷ್ಟೇ.

ಪ್ರತಿ ವರ್ಷ ಪ್ರವಾಹದ ದಿನ ಬಂದು ದೋಣಿಯ ಅಂಚು ಸವರಿ ಹೋಗುವುದು ಅಮ್ಮನ ರೂಢಿ. ಈ ಸಲವೂ ಬಂದಳು. ಮಕ್ಕಳ ಹಿಂದೆ ನಿಂತು ಮಗಳು ಹೇಳಿದ್ದನ್ನೆಲ್ಲ ಕೇಳಿದಳು. ಇನ್ನೇನು, ಎಲ್ಲರೆದುರು ಅಮ್ಮ ಗ್ರಹಚಾರ ಬಿಡಿಸುತ್ತಾಳೆ ಎಂದು ಮಗಳು ಅಂದುಕೊಂಡಳು.

ಅಮ್ಮ ಬೈಯಲಿಲ್ಲ. "ಹಾಗಾದ್ರೆ ಆ ಅಂಬಿಗ ನಮ್ಮ ಸೈನಿಕನೇ ಇರ್ಬೇಕು ಕಣೇ," ಎಂದಳು. "ಓದಿದವಳು, ನೀನು ಸುಳ್ಳು ಹೇಳ್ತೀಯಾ? ನನಗೇ ಅರಳು ಮರಳು. ಇಷ್ಟು ವರ್ಷ ಏನೇನೋ ಹೇಳಿ ನಿನ್ನನ್ನೂ ನಂಬಿಸಿಬಿಟ್ಟೆ."

ಬಾಗಿಲಲ್ಲಿದ್ದ ಮೇಲ್ವಿಚಾರಕರಿಗೂ ಆ ಮಾತು ಕೇಳಿಸಿತು. ಮಗಳಿಗೆ ದುಃಖ ಒತ್ತರಿಸಿ ಬಂತು. ಫಲಕ ಬದಲಾದ ದಿನವೂ ಅವಳಿಗೆ ಇಷ್ಟು ನೋವಾಗಿರಲಿಲ್ಲ. ಅಮ್ಮನ ಕೈಹಿಡಿದು ಮಕ್ಕಳ ಮುಂದೆ ಕರೆತಂದಳು.

"ಮಕ್ಕಳೇ, ನಾನು ಈಗ ಹೇಳಿದ್ದು ಸುಳ್ಳು. ಈ ದೋಣಿಯಲ್ಲಿ ಬದುಕಿ ಬಂದವರು ನಮ್ಮಮ್ಮ. ಇವರಿಗೆ ಎಲ್ಲ ಸರಿಯಾಗಿ ನೆನಪಿದೆ."

ಅಮ್ಮ ಮೇಲ್ವಿಚಾರಕರತ್ತ ಅಳುಕುತ್ತಾ ನೋಡಿದಳು. "ಹೇಳ್ಲಾ ಸ್ವಾಮಿ?"

"ಫಲಕ ತೆಗೆಯೋಕೆ ನನ್ನ ಕೈಲಾಗಲ್ಲ," ಎಂದು ಅವರು ಹೇಳಿದರು. ಆಮೇಲೆ ತಮ್ಮ ಕುರ್ಚಿ ತಂದು ಅಮ್ಮನಿಗೆ ಹಾಕಿ, ಮಕ್ಕಳ ಹಿಂದೆ ತಾವೂ ನೆಲದ ಮೇಲೆ ಕೂತರು.