ಹೆಬ್ಬೆಟ್ಟಿನ ದಂಡ

"ಇದು ನಿನ್ನ ಹೆಬ್ಬೆಟ್ಟಲ್ಲ ಕಣೇ. ಯಾರ ದುಡ್ಡು ಹೊಡ್ಕೊಂಡು ಹೋಗಕ್ಕೆ ಬಂದಿದ್ದೀಯ, ಕಳ್ಳ ಮುಂಡೆ?"

ಬ್ಯಾಂಕಿನ ಗುಮಾಸ್ತ ಸೂರಪ್ಪಯ್ಯ ಮೂಗು ಮುಚ್ಚಿಕೊಂಡೇ ಕಾಗದವನ್ನು ಕಿಟಕಿಯಿಂದ ಹೊರಕ್ಕೆಸೆದ. ಕದಿರಮ್ಮ ಅದನ್ನು ನೆಲದಿಂದ ಎತ್ತಿಕೊಂಡಳು. ಗೆರೆಯೊಂದೂ ಮೂಡಿರಲಿಲ್ಲ. ಮಸಿಯ ಕಪ್ಪು ಬೊಟ್ಟು, ಅಷ್ಟೆ.

"ನಂದೇ ಬುದ್ಧಿ. ಫಿಲೇಚರಿನಾಗೆ ದಿನಾ ಕುದಿಯೋ ನೀರಾಗೆ ಕೈಯಿಕ್ಕಿ ರೇಷ್ಮೆಗೂಡಿನ ಎಳೆ ತೆಗೀತೀನಿ. ಬೆರಳೆಲ್ಲಾ ಸವ್ದೋಗವೆ. ನೋಡಿ ಬೇಕಾದ್ರೆ."

ಅವಳು ಚಾಚಿದ ಕೈಯನ್ನು ಅವನು ನೋಡಲಿಲ್ಲ. ವರ್ಷಗಟ್ಟಲೆ ಬಿಸಿನೀರಲ್ಲಿ ಬೆಂದು ಬೆಳ್ಳಗಾದ, ಸತ್ತ ಹುಳುವಿನ ನಾತ ಬಿಡದ ಕೈ ಅದು.

"ಸುಳ್ಳು ಹೆಬ್ಬೆಟ್ಟು ಒತ್ತಿದ್ದಕ್ಕೆ ದಂಡ ಬಿತ್ತು. ನಿನ್ನ ಲೆಕ್ಕದಿಂದ ಮುರ್ಕೊಂಡಿದ್ದೀನಿ. ಹೋದ ಸಲಾನೂ ಬಿದ್ದಿತ್ತಲ್ಲ, ಬುದ್ಧಿ ಬರ್ಲಿಲ್ವ?"

"ದಂಡ ಹಾಕ್ಕಳಿ ಬುದ್ಧಿ. ಮಿಕ್ಕಿದ್ದು ಕೊಡಿ. ಮಗಳಿಗೆ ಬ್ಯಾನೆ. ಸೂಲಗಿತ್ತಿ ಕೈಚೆಲ್ಲವ್ಳೆ. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಎತ್ಕೊಂಡೋಗಬೇಕು. ಮೋಟಾರಿನೋನು ಮೊದ್ಲು ದುಡ್ಡು ಅಂತಾನೆ."

"ನಿನ್ನ ಗುರುತು ಹೇಳೋ ದೊಡ್ಡ ಮನುಷ್ಯರನ್ನ ಕರ್ಕೊಂಡು ಬಾ, ಕೊಡ್ತೀನಿ."

ಶಿಡ್ಲಘಟ್ಟದಲ್ಲಿ ಅವಳ ಗುರುತು ಹೇಳಬಲ್ಲ ದೊಡ್ಡ ಮನುಷ್ಯ ಒಬ್ಬನೇ, ಫಿಲೇಚರಿನ ಸಾಹುಕಾರ ಆವಲಪ್ಪ. ಅವಳು ಓಡಿದಳು. ಆವಲಪ್ಪ ಗೂಡಿನ ವ್ಯಾಪಾರದಲ್ಲಿದ್ದ.

"ಒಲೆ ಉರೀತಿರೋವಾಗ ಗೂಡು ಬೇಯೋ ಬೇಸಿನ್ ಬಿಟ್ಟು ಊರು ಸುತ್ತೀಯ? ನಿನ್ನ ಮಗಳೊಬ್ಳೇನಾ ಹೆರೋದು? ಸಾಯಂಕಾಲ ಬರ್ತೀನಿ ಹೋಗು."

ಸಾಯಂಕಾಲ ಬ್ಯಾಂಕಿಗೆ ಬೀಗ ಬೀಳುತ್ತದೆಂದು ಅವನಿಗೂ ಗೊತ್ತಿತ್ತು.

ಪಕ್ಕದ ಬೇಸಿನ್ನಿನ ಪೆದ್ದಮ್ಮ ಯಾರದೋ ಕೈಕಾಲು ಹಿಡಿದು ಒಂದು ಎತ್ತಿನ ಗಾಡಿ ತಂದಳು. ಕದಿರಮ್ಮನ ಗಂಡ ಬಯ್ಯಪ್ಪ ಹುಲ್ಲು ಹಾಸಿ ಮಗಳನ್ನು ಮಲಗಿಸಿದ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಹುಡುಗಿ ಆಂಜಿನಿ. ದಾರಿಯ ಪ್ರತಿ ಹಳ್ಳಕ್ಕೂ "ಅವ್ವಾ, ನಿಧಾನಕ್ಕೆ ಹೊಡೀರಿ ಅನ್ನವ್ವಾ" ಎನ್ನುತ್ತಿದ್ದಳು. ನಿಧಾನಕ್ಕೆ ಹೊಡೆದರೆ ತಲುಪುವುದು ಯಾವಾಗ? ನಡುದಾರಿಯ ಹುಣಸೆಮರದ ಕೆಳಗೆ ಹೆಣ್ಣುಮಗು ಹುಟ್ಟಿತು. ರಕ್ತ ನಿಲ್ಲಲಿಲ್ಲ. ಕದಿರಮ್ಮ ತನ್ನ ಸೀರೆಯನ್ನು ಹರಿದು ಹರಿದು ಒತ್ತಿದಳು. ಹುಲ್ಲೆಲ್ಲ ತೋಯ್ದು ಗಾಡಿಯ ಹಲಗೆಯ ಸಂದಿನಿಂದ ತೊಟ್ಟಿಕ್ಕಿತು. ಚಿಕ್ಕಬಳ್ಳಾಪುರದ ದೀಪಗಳು ಕಾಣುವ ಹೊತ್ತಿಗೆ ಆಂಜಿನಿ ಮಾತಾಡುವುದನ್ನು ನಿಲ್ಲಿಸಿದ್ದಳು. ಗಾಡಿಯನ್ನು ಅಲ್ಲಿಂದಲೇ ತಿರುಗಿಸಿದರು.

ಮಣ್ಣಿಗೆ ಬಂದ ಅಳಿಯ ಮಗುವಿನ ಮುಖ ನೋಡಿ, ಹೆಣ್ಣೆಂದು ತಿಳಿದು, ಹೇಳದೆ ಕೇಳದೆ ಹೊರಟುಹೋದ.

ತಿಥಿ ಕಳೆದ ಮೇಲೆ ಕದಿರಮ್ಮ ಮತ್ತೆ ಬ್ಯಾಂಕಿಗೆ ಹೋದಳು. ಈ ಸಲ ಸೂರಪ್ಪಯ್ಯನನ್ನು ದಾಟಿ, ಅವನ ಮೇಲಧಿಕಾರಿಯಾದ ಬ್ಯಾಂಕಿನ ಏಜೆಂಟರ ಮೇಜಿನ ಮುಂದೆ ನಿಂತಳು. ಹಿಂದೆ ಪೆದ್ದಮ್ಮ, ಚಿಕ್ಕಮುನಿಯಮ್ಮ, ಇನ್ನೂ ನಾಲ್ಕಾರು ಹೆಂಗಸರು. ಎಲ್ಲರೂ ಹೆಬ್ಬೆಟ್ಟಿಗೆ ದಂಡ ತೆತ್ತವರೇ.

"ದಂಡ ವಾಪಸ್ ಕೊಡಿ ಸ್ವಾಮಿ," ಎಂದಳು ಕದಿರಮ್ಮ.

ಏಜೆಂಟರು ಕನ್ನಡಕ ತೆಗೆದರು. "ನಿಯಮ ಕಣಮ್ಮ. ನಾನೇನು ಮಾಡಕ್ಕಾಗುತ್ತೆ?"

"ಅದು ನನ್ನ ಹೆಬ್ಬೆಟ್ಟಲ್ಲ ಅಂದ್ರಿ. ನಾನು ಕದಿರಮ್ಮನೇ ಅಲ್ಲ ಅಂದ್ರಿ. ಮತ್ತೆ ದಂಡ ಯಾಕೆ ಕದಿರಮ್ಮನ ಲೆಕ್ಕದಾಗೆ ಮುರ್ಕೊಂಡ್ರಿ?"

ಏಜೆಂಟರು ಸೂರಪ್ಪಯ್ಯನ ಕಡೆ ನೋಡಿದರು. ಸೂರಪ್ಪಯ್ಯ ರೇಗಿದ. "ಕೇರಿ ನಾಯಿಗಳಿಗೆ ಸದರ ಕೊಟ್ರೆ ಇದೇ ಸಾರ್ ಆಗೋದು."

"ಯಾವನ್ಲಾ ನಾಯಿ?" ಪೆದ್ದಮ್ಮ ಮುಂದೆ ಬಂದಳು. "ನಾವು ಕೈ ಬೇಯಿಸ್ಕೊಂಡು ಕೂಡಿಸಿದ ದುಡ್ಡು ತಿನ್ನೋ ಬೋಳಿಮಗ ನೀನು."

ಗದ್ದಲವಾದೀತೆಂದು ಏಜೆಂಟರು ಎದ್ದರು. ಜೇಬಿನಿಂದ ಒಂದೆರಡು ನೋಟು ತೆಗೆದು ಕದಿರಮ್ಮನ ಕಡೆ ಚಾಚಿದರು. "ನಿನ್ನ ಮಗಳು ತೀರ್ಕೊಂಡ್ಲಂತೆ, ಪಾಪ. ಧರ್ಮಕ್ಕೆ ಅಂತ ಕೊಡ್ತಿದ್ದೀನಿ. ತಗೊಂಡು ಹೋಗು."

"ಧರ್ಮ ಬ್ಯಾಡ ಸ್ವಾಮಿ. ನಾನು ಸುಳ್ಳು ಒತ್ತಲಿಲ್ಲ ಅಂತ ಬರ್ದು, ದಂಡ ಕೊಡಿ. ಇವ್ರದೂ ಕೊಡಿ."

ಅವರು ಬರೆಯಲಿಲ್ಲ. ಹೆಂಗಸರು ಮಧ್ಯಾಹ್ನದವರೆಗೂ ನಿಂತಿದ್ದು ಹೊರಟರು. ಮಾರನೆಯ ದಿನವೇ ಆವಲಪ್ಪ ಬಯ್ಯಪ್ಪನನ್ನು ಕರೆಸಿದ. ಫಿಲೇಚರಿಗೆ ಸೌದೆ ಹೊರುವವನು ಅವನು.

"ಹೆಂಡ್ತೀನ ಬ್ಯಾಂಕಿಗೆ ಬಿಟ್ಟು ನೀನಿಲ್ಲಿ ಸೌದೆ ಹೊರ್ತೀಯೇನೋ? ಏಜೆಂಟರು ನನಗೆ ಬೇಕಾದೋರು. ನಾಳೆಯಿಂದ ಇಬ್ರೂ ಬರಬ್ಯಾಡಿ, ಹೋಗು."

ಅಂದು ಬಯ್ಯಪ್ಪ ಮನೆಗೆ ಬಂದವನು ನೋಟುಗಳನ್ನು ಕದಿರಮ್ಮನ ಮುಂದಿಟ್ಟು ಗೋಡೆಗೊರಗಿ ಕೂತ.

"ಇಸ್ಕೊಂಡ್ ಬಂದ್ಯಾ?" ಎಂದಳು.

"ಏಜೆಂಟರ ಕಾಲಿಗೆ ಬಿದ್ದು ಇಸ್ಕೊಂಡೆ. ಸಾಹುಕಾರರೂ ಕೆಲಸಕ್ಕೆ ಬನ್ನಿ ಅಂದ್ರು. ಪೆದ್ದಮ್ಮನ ಸೊಸೆ ಎಷ್ಟು ದಿನಾ ಅಂತ ಕೂಸಿಗೆ ಮೊಲೆ ಕೊಟ್ಟಾಳು? ಹಾಲು ಕೊಳ್ಳಬೇಕಲ್ಲಮ್ಮಿ."

"ನನ್ನ ಮಗಳು ಧರ್ಮಕ್ಕೆ ಸತ್ಲಾ?"

ಬಯ್ಯಪ್ಪ ಮುಖವನ್ನು ಮಂಡಿಗಳ ನಡುವೆ ಹುದುಗಿಸಿಕೊಂಡ. ಕದಿರಮ್ಮ ಹತ್ತಿರ ಹೋಗಿ ಅವನ ತಲೆಯ ಮೇಲೆ ಕೈಯಿಟ್ಟಳು. ಇಪ್ಪತ್ತು ವರ್ಷ ಜೊತೆಗೆ ಬಾಳಿದವನು ಯಾರ ಕಾಲಿಗೂ ಬಿದ್ದದ್ದನ್ನು ಅವಳು ಕಂಡಿರಲಿಲ್ಲ.

ಬೆಳಿಗ್ಗೆ ಫಿಲೇಚರಿನ ಗಂಟೆ ಹೊಡೆಯಿತು. ಬಯ್ಯಪ್ಪ ಸೌದೆ ಹೊರಲು ಹೋದ. ಕದಿರಮ್ಮ ಮಗುವನ್ನು ಹಳೆಯ ಸೀರೆಯಲ್ಲಿ ಸುತ್ತಿ ಎತ್ತಿಕೊಂಡು ಬ್ಯಾಂಕಿನ ದಾರಿ ಹಿಡಿದಳು. ಪೆದ್ದಮ್ಮ ಬೀದಿಯ ತುದಿಯಲ್ಲಿ ಅವಳನ್ನು ಕಂಡು ನಿಂತಳು. ಗಂಟೆ ಮತ್ತೊಮ್ಮೆ ಹೊಡೆಯಿತು. ಪೆದ್ದಮ್ಮ ತಲೆ ತಗ್ಗಿಸಿ ಫಿಲೇಚರಿನ ಕಡೆ ನಡೆದಳು.

ಕದಿರಮ್ಮ ನೋಟುಗಳನ್ನು ಏಜೆಂಟರ ಮೇಜಿನ ಮೇಲಿಟ್ಟಳು. "ನಿಮ್ಮದು ನಿಮಗೆ. ನಂದು ನನಗೆ ಕೊಡಿ," ಎಂದು ನೆಲದ ಮೇಲೆ ಕೂತಳು.

"ಎದ್ದೇಳಮ್ಮ. ಪೊಲೀಸರನ್ನ ಕರೆಸ್ತೀನಿ."

"ಕರೆಸಿ ಸ್ವಾಮಿ."

ಸೂರಪ್ಪಯ್ಯ ಚಪ್ಪಲಿ ಮೆಟ್ಟಿ ಠಾಣೆಗೆ ಹೊರಟ. ಮಗುವಿಗೆ ಎಚ್ಚರವಾಯಿತು. ಹಸಿದು ಅಳತೊಡಗಿತು. ದುಡ್ಡು ಕಟ್ಟಲು ಬಂದಿದ್ದ ವರ್ತಕರು ತಿರುಗಿ ನೋಡಿದರು. ಒಬ್ಬ ಮುಖ ತಿರುಗಿಸಿದ. ಏಜೆಂಟರು ಪೆನ್ನು ಹಿಡಿದುಕೊಂಡೇ ಇದ್ದರು, ಏನನ್ನೂ ಬರೆಯಲಿಲ್ಲ. ಕದಿರಮ್ಮ ಹಾಲಿಲ್ಲದ ತನ್ನ ಎದೆಗೆ ಮಗುವಿನ ಬಾಯನ್ನು ಒತ್ತಿಕೊಂಡಳು. ಅದು ಒಂದೆರಡು ಸಲ ಚೀಪಿತು, ಬಿಟ್ಟಿತು, ಇನ್ನೂ ಜೋರಾಗಿ ಅತ್ತಿತು. ಹೊರಗೆ ಬೂಟಿನ ಸದ್ದು ಕೇಳಿಸಿತು. ಅವಳು ಮಗುವನ್ನು ಇನ್ನೊಂದು ತೊಡೆಗೆ ಬದಲಾಯಿಸಿಕೊಂಡು ಕೂತೇ ಇದ್ದಳು.