ಬಿಸಿ ತಿಳಿಯದ ಕೈ

ಬಸ್ಸು ಇಳಿಯುವ ಹೊತ್ತಿಗೆ ಬುಗುರಿಯ ಮೈಮೇಲೆ ಏನುಂಟು, ಏನಿಲ್ಲ. ತಿಂದ ಬಿಸ್ಕತ್ತು, ಕುಡಿದ ಹಾಲು, ಕಿಟಕಿಯ ಧೂಳು, ಕೊನೆಗೆ ಇನ್ನೇನು ಇಳಿಯಬೇಕು ಎನ್ನುವಾಗ ವಾಂತಿ. ಅರ್ಧ ಅವಳ ತಲೆಗೂದಲಿಗೆ, ಅರ್ಧ ನನ್ನ ಮಡಿಲಿಗೆ. ಎರಡು ವರ್ಷದ ಮಗು ಅಷ್ಟನ್ನೆಲ್ಲ ಹೊಟ್ಟೆಯಲ್ಲಿ ಎಲ್ಲಿಟ್ಟುಕೊಂಡಿತ್ತೋ ದೇವರೇ ಬಲ್ಲ. ಪಕ್ಕದ ಸೀಟಿನವನು ಮೂಗು ಮುಚ್ಚಿಕೊಂಡ. “ನೀನೇನು ಹುಟ್ಟುವಾಗಲೇ ಕೋಟು ಹಾಕ್ಕೊಂಡು ಬಂದವನಲ್ಲಪ್ಪ” ಎಂದೆ. ನನ್ನ ಬಾಯಿ ಇರುವುದೇ ಹಾಗೆ.

ಬುಗುರಿ ನನ್ನ ತಮ್ಮನ ಮಗಳು. ಕೂತಲ್ಲಿ ಕೂರುವವಳಲ್ಲ, ಅದಕ್ಕೇ ಆ ಹೆಸರು. ತಮ್ಮ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಅವನ ಹೆಂಡತಿಗೆ ಈ ದೂರದ ಪಟ್ಟಣದ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಮಗು ಆಗಷ್ಟೇ ಹೆಜ್ಜೆ ಇಡುತ್ತಿತ್ತು. “ಒಂದು ಮನೆ ಅಂತ ಆಗೋ ತನಕ ನೋಡ್ಕೊಳ್ಳಿ ಅಕ್ಕ” ಎಂದು ನನ್ನ ಕೈಗಿಟ್ಟು ಹೋದಳು. ಈಗ ಮನೆ ಆಗಿದೆ. ಬೀಗದ ಕೈ ನಾಳೆ ಸಿಗುತ್ತದೆ. ಅದಕ್ಕೇ ಇವತ್ತೊಂದು ದಿನ ಲಾಡ್ಜಿನಲ್ಲಿ ಇರಿ, ಕೆಲಸ ಮುಗಿಸಿ ಬರುತ್ತೇನೆ, ಮಗು ನನ್ನ ಹತ್ತಿರ ಇರುತ್ತದೋ ನೋಡೋಣ ಎಂದು ಫೋನಿನಲ್ಲಿ ಹೇಳಿದ್ದಳು.

ನೋಡೋಣವಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆರದ ನನಗೆ ಈ ಹೆಗ್ಗಣ ಅದಕ್ಕಿಂತ ಮುದ್ದು. ಬಿಟ್ಟುಕೊಡುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಮುಚ್ಚಿಟ್ಟದ್ದು ಬೇರೆ. ನಾನು ಲಾಂಡ್ರಿಯವಳು. ಕುದಿಯುವ ನೀರಿನಿಂದ ಬಟ್ಟೆ ಎತ್ತೀ ಎತ್ತೀ, ಹಬೆಗೆ ಕೈಯೊಡ್ಡೀ ಒಡ್ಡೀ, ಮೊಣಕೈಯವರೆಗೆ ಚರ್ಮ ಸತ್ತುಹೋಗಿದೆ. ಬಿಸಿಯಾದರೂ ಅಷ್ಟೇ, ತಣ್ಣಗಾದರೂ ಅಷ್ಟೇ, ತಿಳಿಯುವುದಿಲ್ಲ. ಮನೆಯಲ್ಲಿ ಇದರಿಂದ ತೊಂದರೆಯಿಲ್ಲ. ಬುಗುರಿಯ ಪ್ಲಾಸ್ಟಿಕ್ ಟಬ್ಬಿನ ಒಳಗೆ ಒಂದು ಗೆರೆ ಎಳೆದಿದ್ದೇನೆ. ಗೆರೆಯವರೆಗೆ ತಣ್ಣೀರು, ಮೇಲೆ ಒಂದು ಪಾತ್ರೆ ಕುದಿದ ನೀರು. ಯಾವತ್ತೂ ತಪ್ಪಿಲ್ಲ. ಈ ವಿಷಯ ತಮ್ಮನಿಗೂ ಗೊತ್ತಿಲ್ಲ, ಅವನ ಹೆಂಡತಿಗಂತೂ ಗೊತ್ತಾಗಲೇಬಾರದು. ಬಿಸಿ ತಿಳಿಯದ ಹೆಂಗಸಿನ ಕೈಯಲ್ಲಿ ಯಾವ ತಾಯಿ ಮಗು ಬಿಡುತ್ತಾಳೆ?

ಲಾಡ್ಜಿನ ಬಚ್ಚಲಲ್ಲಿ ಟಬ್ಬೂ ಇಲ್ಲ, ಗಿಬ್ಬೂ ಇಲ್ಲ. ಗೋಡೆಗೆ ಒಂದು ಶವರು, ಮೂಲೆಯಲ್ಲಿ ಬಕೆಟ್ಟು, ಹಿಡಿ ಮುರಿದ ಒಂದು ಮಗ್ಗು. ಕೆಳಗೆ ಹೋಗಿ ಮ್ಯಾನೇಜರನ್ನು ಕೇಳಿದೆ.

“ಶವರ್ ಇದೆಯಲ್ಲಮ್ಮ” ಎಂದ.

“ಅದು ನಿನಗೆ, ನನಗೆ. ಮಗೂಗೆ ತಲೆ ಮೇಲಿಂದ ಸುರಿದ್ರೆ ಊರು ಒಂದಾಗೋ ಹಾಗೆ ಅಳುತ್ತೆ.”

“ವಾಶ್‌ಬೇಸಿನ್‌ನಲ್ಲಿ ಕೂರಿಸಿ. ಎಲ್ರೂ ಹಾಗೇ ಮಾಡ್ತಾರೆ.”

ಎಲ್ಲರ ಮಕ್ಕಳೂ ನನ್ನ ಬುಗುರಿಯಷ್ಟು ಮೈಕೈ ತುಂಬಿಕೊಂಡಿಲ್ಲ ಎಂದು ಅವನಿಗೇನು ಗೊತ್ತು. ಬೇಸಿನ್‌ನಲ್ಲಿ ಕೂರಿಸಿದೆ. ಕೂತದ್ದೇನೋ ಕೂತಳು, ಏಳಲು ಆಗಲಿಲ್ಲ. ಬಾಟಲಿಗೆ ಬಿರಡೆ ಬಿದ್ದ ಹಾಗೆ ಗಟ್ಟಿಯಾಗಿ ಕಚ್ಚಿಕೊಂಡಳು. ಸೋಪು ಸವರಿ, ಎಡಗಡೆ ಒಮ್ಮೆ ಬಲಗಡೆ ಒಮ್ಮೆ ತಿರುಗಿಸಿ ಬಿಡಿಸುವಷ್ಟರಲ್ಲಿ ನಾನೇ ಬೆವರಲ್ಲಿ ಮಿಂದಿದ್ದೆ. ಅವಳಿಗೆ ಮಾತ್ರ ಮೋಜು. “ಅತ್ತೇ, ಮತ್ತೆ” ಎಂದು ಎರಡೂ ಕೈ ಎತ್ತಿದಳು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ತಮ್ಮನ ಹೆಂಡತಿ. ಕೆಲಸದಿಂದ ನೇರ ಬಂದಿದ್ದಳು, ಹುಬ್ಬಿನಲ್ಲಿ ಇನ್ನೂ ಹಿಟ್ಟು. ನನ್ನನ್ನು ಅವಳು ನೋಡಲೇ ಇಲ್ಲ. ನೆಲದ ಮೇಲೆ ಮಂಡಿಯೂರಿ ಕೈ ಚಾಚಿದಳು. ಬುಗುರಿ ನನ್ನ ಹಿಂದೆ ಬಂದು ನನ್ನ ಕಾಲು ತಬ್ಬಿಕೊಂಡಳು.

“ಅಮ್ಮ ಅಲ್ವಾ, ಹೋಗು” ಎಂದೆ. ಬಾಯಿ ಹಾಗೆಂದಿತು. ಕೈ ಮಾತ್ರ ಮಗುವಿನ ತಲೆಯ ಮೇಲೇ ಇತ್ತು, ತಳ್ಳಲಿಲ್ಲ.

“ಸ್ನಾನ ನಾನು ಮಾಡಿಸ್ಲಾ ಅಕ್ಕ?” ಎಂದು ಕೇಳಿದಳು.

“ನಿನ್ನ ಮಗು. ನನ್ನೇನು ಕೇಳ್ತೀಯ.”

ಎತ್ತಿಕೊಂಡು ಬಚ್ಚಲಿಗೆ ಹೋದಳು. ಗಾಬರಿಗೆ ಏನು ತೋಚಿತೋ, ಶವರು ತಿರುಗಿಸಿದಳು. ಮುಂದೆ ಆದದ್ದನ್ನು ಕೆಳಗಿನ ಮ್ಯಾನೇಜರೂ ಕೇಳಿಸಿಕೊಂಡಿರಬೇಕು. ಬುಗುರಿ ಅವಳ ಕೈಯಿಂದ ಜಾರಿ, ಬರಿಮೈಯಲ್ಲಿ ಓಡಿ ಬಂದು ನನ್ನ ಕುತ್ತಿಗೆಗೆ ನೇತುಬಿದ್ದಳು. ತಾಯಿ ಒದ್ದೆಯಾಗಿ ಬಾಗಿಲಲ್ಲಿ ನಿಂತಳು. ಅತ್ತಳು ಅನ್ನುವಂತಿಲ್ಲ, ಕಣ್ಣಲ್ಲಿ ನೀರು ನಿಂತಿತ್ತು, ಅಷ್ಟೇ.

“ಇದು ನನ್ನಿಂದ ಆಗೋ ಕೆಲ್ಸ ಅಲ್ಲ ಅಕ್ಕ. ನಿಮ್ಮ ಹತ್ರಾನೇ ಇರ್ಲಿ. ಮನೆ ಮಾಡಿದ್ದೇ ದಂಡ.”

ಸುಳ್ಳೇಕೆ ಹೇಳಲಿ, ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನಾನು ಒಂದು ಮಾತೂ ಆಡದೆ ಗೆದ್ದಿದ್ದೆ. “ನಿಧಾನಕ್ಕೆ ಅಭ್ಯಾಸ ಆಗುತ್ತೆ ಬಿಡು” ಎಂದು ದೊಡ್ಡವಳ ಹಾಗೆ ಸಮಾಧಾನ ಬೇರೆ ಹೇಳಿದೆ. ಅವಳು ಮಂಚದ ಅಂಚಿನಲ್ಲಿ ಕೂತು ಗೋಡೆ ನೋಡತೊಡಗಿದಳು.

ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಬಚ್ಚಲಿಗೆ ಹೋದೆ. ಬಕೆಟ್ಟಿಗೆ ತಣ್ಣೀರು ಬಿಟ್ಟೆ, ಆಮೇಲೆ ಬಿಸಿ ನಲ್ಲಿ ತಿರುಗಿಸಿದೆ. ಸಾಕು ಎನ್ನಿಸಿದಾಗ ನಿಲ್ಲಿಸಿದೆ. ಅದೂ ಬರೀ ಅಂದಾಜು. ಗೆರೆಯಿಲ್ಲದ ಬಕೆಟ್ಟು, ಗುರುತಿಲ್ಲದ ನಲ್ಲಿ. ಕೈ ಅದ್ದಿದೆ. ಏನೂ ತಿಳಿಯಲಿಲ್ಲ. ಮೊಣಕೈಯವರೆಗೆ ಅದ್ದಿದೆ, ಆಗಲೂ ತಿಳಿಯಲಿಲ್ಲ. ಬುಗುರಿ ನನ್ನ ಕುತ್ತಿಗೆ ಬಿಟ್ಟು ಕೆಳಗಿಳಿದು, ತಾನಾಗೇ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆನ್ನು ಕೊಟ್ಟಳು. ಮನೆಯಲ್ಲಿ ದಿನಾ ಕೊಡುವ ಹಾಗೆ.

ಮಗ್ಗು ತುಂಬಿದೆ. ಆ ಬೆನ್ನು ನೋಡಿದೆ. ಸ್ವಲ್ಪ ತಣ್ಣೀರು ಜಾಸ್ತಿ ಸೇರಿಸಿದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ಇವತ್ತಿಗೆ ಹಾಗೆ ಮಾಡಬಹುದು. ನಾಳೆ ಟಬ್ಬು ಒಡೆದರೆ, ಪಾತ್ರೆ ಬದಲಾದರೆ? ಅವಳು ನನ್ನನ್ನು ನಂಬಿ ಹಿಂದೆ ತಿರುಗಿಯೂ ನೋಡದೆ ಕೂತಿದ್ದಳು. ಮಗ್ಗಿನ ನೀರನ್ನು ಮೋರಿಗೆ ಚೆಲ್ಲಿದೆ.

“ಬಾ ಇಲ್ಲಿ” ಎಂದು ಕರೆದೆ. ತಮ್ಮನ ಹೆಂಡತಿ ಬಂದಳು.

“ಈ ನೀರಿಗೆ ಕೈ ಹಾಕು.”

ಹಾಕಿದವಳು ಚಟ್ಟನೆ ಕೈ ಹಿಂದಕ್ಕೆ ತೆಗೆದಳು. “ಅಕ್ಕ, ಸುಡ್ತಿದೆಯಲ್ಲ.”

“ನನಗೆ ಗೊತ್ತಾಗ್ಲಿಲ್ಲ.”

“ನೋಡ್ಲಿಲ್ವಾ?”

“ನೋಡ್ದೆ. ನನ್ನ ಕೈಗೆ ಬಿಸಿ ತಿಳಿಯಲ್ಲ. ಎಷ್ಟೋ ವರ್ಷ ಆಯ್ತು. ಮನೇಲಿ ಟಬ್ಬಿಗೆ ಗೆರೆ ಎಳ್ಕೊಂಡು ಅಂದಾಜಲ್ಲಿ ಮಾಡ್ತಿದ್ದೆ. ನಿನಗೆ ಹೇಳ್ಲಿಲ್ಲ. ಹೇಳಿದ್ರೆ ಮಗು ಬಿಡ್ತಿರ್ಲಿಲ್ಲ ನೀನು.”

ಅವಳು ನನ್ನ ಕೈಯನ್ನೊಮ್ಮೆ ನೋಡಿದಳು, ಮಗುವಿನ ಮೈಯನ್ನೊಮ್ಮೆ ನೋಡಿದಳು. ಎಲ್ಲಾದರೂ ಕಲೆ ಇದೆಯೋ ಎಂದು ಹುಡುಕುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ನಾಲ್ಕು ಮಾತು ಆಡಿ ಹಗುರವಾಗುತ್ತಿದ್ದೆ. ಬೈಯಲಿಲ್ಲ. ತೋಳಿನ ಬಟ್ಟೆ ಮೇಲೇರಿಸಿ ತಣ್ಣೀರು ಬಿಟ್ಟಳು, ಬೆರಳಾಡಿಸಿದಳು, ಇನ್ನಷ್ಟು ಬಿಟ್ಟಳು.

“ಹಿಟ್ಟು ಕಲಸೋ ನೀರು ಹೀಗೇ ಇರ್ಬೇಕು” ಎಂದು ತನಗೇ ಹೇಳಿಕೊಂಡಳು.

“ನಿಂತು ಹುಯ್ಬೇಡ, ಹೆದರ್ತಾಳೆ” ಎಂದೆ. “ನೆಲದ ಮೇಲೆ ಕಾಲು ಚಾಚಿ ಕೂತ್ಕೋ. ನಾನು ಕೂರಿಸ್ತೀನಿ. ಕಾಲಿಂದ ಶುರು ಮಾಡು, ತಲೆಗೆ ಕೊನೇಲಿ ಬಾ.”

ಅವಳು ಒದ್ದೆ ನೆಲದ ಮೇಲೆ, ಹಾಕಿದ ಬಟ್ಟೆಯಲ್ಲೇ, ಕಾಲು ಚಾಚಿ ಕೂತಳು. ಬುಗುರಿಯನ್ನು ಎತ್ತಿ ಆ ಕಾಲುಗಳ ಮೇಲೆ ಕೂರಿಸಿದೆ. ಮಗು ನನ್ನ ಬೆರಳು ಬಿಡಲಿಲ್ಲ. ನಾನೂ ಪಕ್ಕದಲ್ಲೇ ಕುಕ್ಕರಿಸಿದೆ. ಮೊದಲ ನೀರು ಪಾದಕ್ಕೆ ಬಿದ್ದಾಗ ನನ್ನ ಮುಖ ನೋಡಿದಳು, ಅಳಲೋ ಬೇಡವೋ ಎಂದು ಕೇಳುವ ಹಾಗೆ. ನಗು ಬರದಿದ್ದರೂ ನಕ್ಕೆ. ಮೊಣಕಾಲಿಗೆ ನೀರು ಬಂತು, ಹೊಟ್ಟೆಗೆ ಬಂತು. ತಾಯಿ ಏನೋ ಅರ್ಥವಿಲ್ಲದ ಮಾತು ಹೇಳುತ್ತಾ ಕಿವಿಯ ಹಿಂದೆ ತಿಕ್ಕಿದಳು. ಬುಗುರಿ ಅವಳ ಹುಬ್ಬಿನಲ್ಲಿ ನೆನೆದು ಅಂಟಿದ್ದ ಹಿಟ್ಟನ್ನು ಬೆರಳಲ್ಲಿ ಒರೆಸಿ ನೋಡಿದಳು. ಒರೆಸಲು ನನ್ನ ಬೆರಳು ಬಿಟ್ಟಿದ್ದಳು. ಆಮೇಲೆ ಮತ್ತೆ ಹಿಡಿಯಲಿಲ್ಲ.

ಹೊಟ್ಟೆ ಉರಿಯಿತು. ಹಗುರವೂ ಆಯಿತು. ಎರಡೂ ನಿಜ.

ಮಗುವನ್ನು ಟವೆಲಿನಲ್ಲಿ ಸುತ್ತಿ ಮಂಚದ ಮೇಲೆ ನಿಲ್ಲಿಸಿ, ತಮ್ಮನ ಹೆಂಡತಿ ನನ್ನ ಚೀಲ ತೆರೆದಳು. ಬಟ್ಟೆ ಹುಡುಕುತ್ತಾ ತಳದವರೆಗೆ ಕೈಯಾಡಿಸಿದಳು.

“ಇಷ್ಟೇನಾ ಅಕ್ಕ, ಎರಡೇ ಫ್ರಾಕು?”

ಕರೆದುಕೊಂಡೇ ವಾಪಸ್ಸು ಹೋಗುತ್ತೇನೆ ಎನ್ನುವ ಧೈರ್ಯದಲ್ಲಿ ಅಷ್ಟೇ ತುಂಬಿಕೊಂಡು ಬಂದಿದ್ದೆ.

“ಉಳಿದದ್ದನ್ನ ಇಸ್ತ್ರಿ ಮಾಡಿ ಕಳಿಸ್ತೀನಿ” ಎಂದೆ.